ವ್ಯಸನಮುಕ್ತಿಯೂ ದ್ವಾದಶಿಯ ಪಾರಣೆಯೂ

॥ ಶ್ರೀಹರಿವಾಯುಗುರುಭ್ಯೋ ನಮಃ ॥



ಏಕಾದಶಿಯ ಉಪವಾಸವು ನಮ್ಮ ಮನೆಗಳಿಗೆ ಹೊಸದಲ್ಲ. ಆದರೆ ನಮ್ಮ ಹಿರಿಯರು ಇದನ್ನು ಒಂದೇ ದಿನದ ವ್ರತವೆಂದು ತಿಳಿಯಲಿಲ್ಲ, ದಿನತ್ರಯವೆಂದು ಕರೆದರು. ದಶಮಿಯಂದು ಒಪ್ಪೊತ್ತು ಊಟ, ಏಕಾದಶಿಯಂದು ನಿರಾಹಾರ, ದ್ವಾದಶಿಯಂದು ಸಕಾಲದಲ್ಲಿ ಪಾರಣೆ ಮಾಡಿ ಮತ್ತೆ ರಾತ್ರಿಯ ಊಟವಿಲ್ಲ. ಈ ಮೂರೂ ಕೂಡಿದರೆ ಮಾತ್ರ ವ್ರತ ಪೂರ್ಣವಾಗುತ್ತದೆ. ಇಡೀ ದಿನ ನೀರನ್ನೂ ಮುಟ್ಟದೆ ಇದ್ದವನು ದ್ವಾದಶಿಯ ಬೆಳಿಗ್ಗೆ ಹಸಿವಿನ ಭರದಲ್ಲಿ ಸಿಕ್ಕಿದ್ದನ್ನು ಸಿಕ್ಕಷ್ಟು ಉಂಡರೆ ದೇಹವೂ ಕೆಡುತ್ತದೆ, ವ್ರತವೂ ಕೆಡುತ್ತದೆ. ಆದ್ದರಿಂದಲೇ ಪಾರಣೆಗೆ ಕಾಲವನ್ನು ನಿಯಮಿಸಿದರು. ತೀರ್ಥ, ತುಲಸಿ, ಅಗಸೆ ಸೊಪ್ಪು, ನೆಲ್ಲಿಕಾಯಿ ಎಂದು ಆಹಾರಕ್ಕೂ ಕ್ರಮವನ್ನು ಹೇಳಿದರು. ಅಂದು ಹಗಲು ನಿದ್ರೆ ಕೂಡದೆಂದೂ ವಿಧಿಸಿದರು. ಉಪವಾಸಕ್ಕಿಂತ ಉಪವಾಸದ ಮರುದಿನಕ್ಕೆ ಹೆಚ್ಚು ಎಚ್ಚರಿಕೆ ಬೇಕೆಂಬುದು ಇದರ ತಾತ್ಪರ್ಯ.

ಈ ತಿಂಗಳು ಇದೇ ತಾತ್ಪರ್ಯವನ್ನು ಒಂದು ಕಠಿಣವಾದ ವಿಷಯಕ್ಕೆ ಅನ್ವಯಿಸಿ ಚಿಂತಿಸೋಣ. ಮದ್ಯ, ಗಾಂಜಾ, ನಿದ್ರೆಯ ಮಾತ್ರೆ, ನೋವಿನ ಮಾತ್ರೆ, ಇನ್ನೂ ಘೋರವಾದ ಮಾದಕ ದ್ರವ್ಯಗಳ ಹಿಡಿತಕ್ಕೆ ಸಿಕ್ಕಿ, ಚಿಕಿತ್ಸೆ ಪಡೆದು, ಬಿಟ್ಟು ಮನೆಗೆ ಬಂದವನು ಮತ್ತೆ ಅದರ ಕೈಗೆ ಸಿಕ್ಕದಂತೆ ಇರುವುದು ಹೇಗೆ? ಮಠದ ಪುಟಗಳಲ್ಲಿ ಇಂತಹ ವಿಷಯವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ರಾಯಚೂರು, ಕಲಬುರಗಿ, ಬೀದರ, ವಿಜಯಪುರ, ಉಡುಪಿ ಕಡೆಗಳಿಂದ ಉದ್ಯೋಗಕ್ಕೆಂದು ಬಂದು ಈ ಭಾಗ್ಯನಗರದಲ್ಲಿ ನೆಲೆಸಿದ ನಮ್ಮ ಕುಟುಂಬಗಳಲ್ಲಿ ಈ ವ್ಯಥೆ ಇಲ್ಲವೆಂದು ಎದೆ ಮುಟ್ಟಿ ಹೇಳಲಾಗದು. ಇರುವಲ್ಲಿ ಅದು ಬಾಗಿಲು ಮುಚ್ಚಿಕೊಂಡು ಇದೆ. ಮಗಳ ಮದುವೆ, ಮನೆತನದ ಮರ್ಯಾದೆ, ನೆರೆಯವರ ಮಾತು ಎಂಬ ಮೂರು ಬೀಗಗಳು ಆ ಬಾಗಿಲಿಗೆ ಬಿದ್ದಿವೆ. ಮುಚ್ಚಿಟ್ಟ ಹುಣ್ಣು ಮಾಯುವುದಿಲ್ಲ.

ರಸವು ಉಳಿಯುತ್ತದೆ

ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಸ್ಥಿತಪ್ರಜ್ಞನ ಲಕ್ಷಣವನ್ನು ಹೇಳುವಾಗ ಒಂದು ಸೂಕ್ಷ್ಮವಾದ ಮಾತನ್ನು ಹೇಳುತ್ತಾನೆ. ಆಹಾರವನ್ನು ಬಿಟ್ಟವನಿಂದ ವಿಷಯಗಳು ದೂರ ಸರಿಯುತ್ತವೆ; ಆದರೆ ಅವುಗಳ ರಸವು, ಅಂದರೆ ಒಳಗಿನ ರುಚಿಯು ಸರಿಯುವುದಿಲ್ಲ; ಪರಮಾತ್ಮನ ದರ್ಶನವಾದಾಗ ಮಾತ್ರ ಆ ರಸವೂ ಹೋಗುತ್ತದೆ ಎಂಬುದು ಅದರ ಅಭಿಪ್ರಾಯ. ಮುಂದುವರಿದು, ಪ್ರಯತ್ನಶೀಲನಾದ ವಿವೇಕಿಯ ಮನಸ್ಸನ್ನು ಕೂಡ ಇಂದ್ರಿಯಗಳು ಬಲಾತ್ಕಾರವಾಗಿ ಸೆಳೆಯುತ್ತವೆ ಎಂದೂ ಎಚ್ಚರಿಸುತ್ತಾನೆ. ಗಮನಿಸಿರಿ, ಭಗವಂತನು ಇಲ್ಲಿ ಮೂರ್ಖನ ಮಾತನ್ನು ಆಡುತ್ತಿಲ್ಲ. ಪ್ರಯತ್ನಿಸುವವನ, ವಿವೇಕಿಯ ಮಾತನ್ನು ಆಡುತ್ತಿದ್ದಾನೆ.

ಇಂದಿನ ವೈದ್ಯಶಾಸ್ತ್ರವೂ ವ್ಯಸನದ ವಿಷಯದಲ್ಲಿ ಇದಕ್ಕೆ ಬಹಳ ಸಮೀಪದ ಮಾತನ್ನೇ ಹೇಳುತ್ತದೆ. ಆಸ್ಪತ್ರೆಯಲ್ಲಿ ಒಂದೆರಡು ವಾರಗಳಲ್ಲಿ ದೇಹದಿಂದ ವಿಷವು ಇಳಿಯಬಹುದು. ಕೈ ನಡುಕ, ಬೆವರು, ನಿದ್ರಾಹೀನತೆ ಕಡಿಮೆಯಾಗಬಹುದು. ಆದರೆ ಮಿದುಳಿನಲ್ಲಿ ಬೇರೂರಿದ ನೆನಪು, ಆ ನೆನಪಿನಿಂದ ಏಳುವ ಹಂಬಲ, ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಚಿಕಿತ್ಸೆ ಪಡೆದವರಲ್ಲಿ ಶೇಕಡಾ 40ರಿಂದ 60ರಷ್ಟು ಜನರಲ್ಲಿ ರೋಗವು ಮರುಕಳಿಸುತ್ತದೆ ಎಂದೂ, ರಕ್ತದೊತ್ತಡ, ಆಸ್ತಮಾಗಳಂತಹ ದೀರ್ಘಕಾಲದ ರೋಗಗಳು ಮರುಕಳಿಸುವ ಪ್ರಮಾಣಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲವೆಂದೂ 2000ದಲ್ಲಿ ಪ್ರಕಟವಾದ ಅಮೆರಿಕದ ವೈದ್ಯ ಲೇಖನವೊಂದು ತೋರಿಸಿತು. ರಕ್ತದೊತ್ತಡ ಮತ್ತೆ ಏರಿದ ತಂದೆಯನ್ನು ಯಾರೂ ಪಾಪಿಯೆಂದು ಮನೆಯಿಂದ ಹೊರಗೆ ಹಾಕುವುದಿಲ್ಲ. ಮಾತ್ರೆಯನ್ನು ಬದಲಿಸುತ್ತೇವೆ, ಉಪ್ಪು ಕಡಿಮೆ ಮಾಡುತ್ತೇವೆ. ವ್ಯಸನದ ರೋಗಿಗೂ ಅದೇ ವಿವೇಕ ಸಲ್ಲಬೇಕು.

ಇಲ್ಲಿ ಒಂದು ಸಂದೇಹ ಏಳಬಹುದು. ಜೀವರಲ್ಲಿ ಸ್ವಭಾವಭೇದವುಂಟೆಂದು ನಮ್ಮ ಸಿದ್ಧಾಂತ. ಹೀಗೆ ಬಿದ್ದವನು ಸ್ವಭಾವದಿಂದಲೇ ಕೆಟ್ಟವನಲ್ಲವೇ? ಈ ಮಾತನ್ನು ಆಡುವ ಅಧಿಕಾರ ನಮಗಿಲ್ಲ. ಒಬ್ಬ ಜೀವನ ಸ್ವರೂಪವನ್ನು ಕಾಣುವುದು ಅಪರೋಕ್ಷಜ್ಞಾನಿಗಳಿಗೆ ಸಾಧ್ಯವೇ ಹೊರತು ಮೊಗಸಾಲೆಯಲ್ಲಿ ಕುಳಿತು ಮಾತಾಡುವ ನಮಗಲ್ಲ. ನಮ್ಮ ಕಣ್ಣಿಗೆ ಕಾಣುವುದು ಸಹವಾಸದಿಂದ, ಅಭ್ಯಾಸದಿಂದ ಮೇಲೆ ಅಂಟಿದ ಕೊಳೆ. ತಾಮ್ರದ ಪಾತ್ರೆಗೆ ಹಿಡಿದ ಕಿಲುಬನ್ನು ನೋಡಿ ಪಾತ್ರೆಯೇ ಕಿಲುಬೆಂದು ಯಾರೂ ಎಸೆಯುವುದಿಲ್ಲ; ಹುಣಸೆಹಣ್ಣು ಹಚ್ಚಿ ಉಜ್ಜುತ್ತಾರೆ. ನಾಳೆ ಮತ್ತೆ ಕಿಲುಬು ಬಂದರೆ ಮತ್ತೆ ಉಜ್ಜುತ್ತಾರೆ.

ಅಜಾಮಿಳನು ಮನೆಗೆ ಮರಳಲಿಲ್ಲ

ಶ್ರೀಮದ್ಭಾಗವತದ ಆರನೆಯ ಸ್ಕಂಧದ ಅಜಾಮಿಳೋಪಾಖ್ಯಾನವನ್ನು ನಾವೆಲ್ಲ ಕೇಳಿದ್ದೇವೆ. ನಾಮಮಹಿಮೆಯ ಕಥೆಯೆಂದು ಕೇಳಿದ್ದೇವೆ, ಅದು ಸರಿಯೇ. ಆದರೆ ಅದರ ಆದಿ ಮತ್ತು ಅಂತ್ಯಗಳನ್ನು ಇನ್ನೊಮ್ಮೆ ನೋಡಬೇಕು. ಕಾನ್ಯಕುಬ್ಜದ ಅಜಾಮಿಳನು ಮೊದಲು ದುಷ್ಟನಲ್ಲ. ಶ್ರುತಸಂಪನ್ನ, ಶೀಲವಂತ, ಗುರು ಅಗ್ನಿ ಅತಿಥಿಗಳ ಸೇವಕ. ತಂದೆಯ ಮಾತಿನಂತೆ ಹಣ್ಣು, ಹೂವು, ಸಮಿತ್ತು, ದರ್ಭೆಗಳನ್ನು ತರಲು ಕಾಡಿಗೆ ಹೋಗಿ ಹಿಂದಿರುಗುವಾಗ ದಾರಿಯಲ್ಲಿ ಮದ್ಯಪಾನದಿಂದ ಮತ್ತನಾದ ಒಬ್ಬನನ್ನೂ ಅವನ ಜೊತೆಗಿದ್ದ ಹೆಣ್ಣನ್ನೂ ಕಂಡನು. ತನ್ನ ಶಾಸ್ತ್ರಜ್ಞಾನವನ್ನೂ ಧೈರ್ಯವನ್ನೂ ಒಟ್ಟುಗೂಡಿಸಿ ಮನಸ್ಸನ್ನು ತಡೆಯಲು ಯತ್ನಿಸಿದನು, ಆಗಲಿಲ್ಲ. ಒಂದು ನೋಟ ಒಂದು ಜೀವನವನ್ನೇ ಕೆಡಿಸಿತು.

ಇನ್ನು ಅಂತ್ಯ. ವಿಷ್ಣುದೂತರು ಅವನನ್ನು ಯಮಪಾಶದಿಂದ ಬಿಡಿಸಿದ ಮೇಲೆ ಅಜಾಮಿಳನು ಏನು ಮಾಡಿದನು? ಪಾಪವೆಲ್ಲ ಹೋಯಿತು, ಇನ್ನು ಹಳೆಯ ಮನೆಯಲ್ಲಿಯೇ ಒಳ್ಳೆಯವನಾಗಿ ಇರುತ್ತೇನೆ ಎಂದು ಅಲ್ಲಿಯೇ ಉಳಿದನೇ? ಇಲ್ಲ. ಎಲ್ಲ ಬಂಧನವನ್ನೂ ತೊರೆದು ಗಂಗಾದ್ವಾರಕ್ಕೆ ಹೋಗಿ, ದೇವಾಲಯದಲ್ಲಿ ಕುಳಿತು, ಇಂದ್ರಿಯಗಳನ್ನು ಒಳಸೆಳೆದು ಭಗವಂತನಲ್ಲಿ ಮನಸ್ಸಿಟ್ಟನು. ಆಮೇಲೆ ಅದೇ ವಿಷ್ಣುದೂತರು ಬಂದು ಅವನನ್ನು ಕರೆದೊಯ್ದರು. ನಾಮದಿಂದ ಬಿಡುಗಡೆಯಾದವನೇ ಸ್ಥಳವನ್ನು ಬದಲಿಸಿದನೆಂದ ಮೇಲೆ, ಆಸ್ಪತ್ರೆಯಿಂದ ಬಿಡುಗಡೆಯಾದವನು ಅದೇ ಗೆಳೆಯರು, ಅದೇ ರಸ್ತೆ, ಅದೇ ಸಂಜೆಯ ಕಟ್ಟೆಗೆ ಮರಳಿ ಹೋಗಿ ನಾನು ಗಟ್ಟಿಯಾಗಿದ್ದೇನೆ ಎನ್ನುವುದು ಎಷ್ಟರ ಮಾತು?

ಇದಕ್ಕೆ ಲೋಕದಲ್ಲಿ ಒಂದು ದೊಡ್ಡ ದೃಷ್ಟಾಂತವುಂಟು. ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕದ ಸಾಮಾನ್ಯ ಸೈನಿಕರಲ್ಲಿ ಸುಮಾರು ಐವರಲ್ಲಿ ಒಬ್ಬನು ಅಲ್ಲಿ ಹೆರಾಯಿನ್ ಮೊದಲಾದವುಗಳಿಗೆ ದಾಸನಾಗಿದ್ದನೆಂದು ಲೀ ರಾಬಿನ್ಸ್ ಎಂಬ ವಿದುಷಿಯ ಅಧ್ಯಯನವು ತಿಳಿಸಿತು. 1971ರಲ್ಲಿ ಸ್ವದೇಶಕ್ಕೆ ಮರಳಿದ ಅಂತಹವರಲ್ಲಿ ಮೊದಲ ವರ್ಷ ಮತ್ತೆ ದಾಸರಾದವರು ಶೇಕಡಾ 5ರಷ್ಟು ಮಾತ್ರ. ಕಾಡು ಬದಲಾಯಿತು, ಭಯ ಬದಲಾಯಿತು, ಜೊತೆಗಾರರು ಬದಲಾದರು, ಸುಲಭವಾಗಿ ಸಿಗುತ್ತಿದ್ದ ಪುಡಿಯೂ ದೂರವಾಯಿತು. ದೇಶಕಾಲಗಳು ಮನಸ್ಸಿನ ಮೇಲೆ ಎಷ್ಟು ಬಲವಾಗಿ ವರ್ತಿಸುತ್ತವೆ ಎಂಬುದಕ್ಕೆ ಇದು ಸಾಕ್ಷಿ. ಎಲ್ಲರೂ ಊರು ಬಿಡಲಾಗದು ನಿಜ. ಕುಕಟಪಲ್ಲಿಯ ಬಾಡಿಗೆ ಮನೆಯನ್ನೂ ಗಚ್ಚಿಬೌಲಿಯ ಉದ್ಯೋಗವನ್ನೂ ಬಿಟ್ಟು ಗಂಗಾದ್ವಾರಕ್ಕೆ ಹೋಗೆಂದು ಗೃಹಸ್ಥನಿಗೆ ಹೇಳಲು ಬಾರದು. ಆದರೆ ಹೋಗುವ ದಾರಿಯನ್ನು ಬದಲಿಸಬಹುದು, ದೂರವಾಣಿಯಲ್ಲಿರುವ ಮಾರಾಟಗಾರರ, ಹಳೆಯ ಸಂಗಾತಿಗಳ ಸಂಖ್ಯೆಗಳನ್ನು ಅಳಿಸಬಹುದು, ಸಂಬಳದ ದಿನದ ಸಂಜೆಯನ್ನು ಮನೆಯವರ ಜೊತೆ ಕಳೆಯಬಹುದು, ಪಾನಗೋಷ್ಠಿಯುಳ್ಳ ಕಚೇರಿಯ ಕೂಟಗಳಿಗೆ ಒಂದು ವರ್ಷ ಬಾರದೆಂದು ನಿಸ್ಸಂಕೋಚವಾಗಿ ಹೇಳಬಹುದು. ಇದು ಗೃಹಸ್ಥನ ಗಂಗಾದ್ವಾರ.

ಭರತನ ಜಿಂಕೆಮರಿ

ಅದೇ ಭಾಗವತದ ಐದನೆಯ ಸ್ಕಂಧದ ಭರತಚರಿತೆ ಇನ್ನೂ ಸೂಕ್ಷ್ಮವಾದುದು. ರಾಜ್ಯವನ್ನೂ ಮಕ್ಕಳನ್ನೂ ತೊರೆದು ಗಂಡಕೀತೀರದ ಪುಲಹಾಶ್ರಮದಲ್ಲಿ ತಪೋನಿರತನಾಗಿದ್ದ ಭರತನು ಬಿದ್ದದ್ದು ಪಾಪಕಾರ್ಯದಿಂದಲ್ಲ. ಸಿಂಹಗರ್ಜನೆಗೆ ಹೆದರಿ ಹೊಳೆಗೆ ಜಿಗಿದ ತುಂಬುಗರ್ಭದ ಜಿಂಕೆ ಸತ್ತಿತು. ನೀರಿನಲ್ಲಿ ತೇಲುತ್ತಿದ್ದ ಮರಿಯನ್ನು ಅವನು ದಯೆಯಿಂದ ಎತ್ತಿಕೊಂಡನು. ಅದರಲ್ಲಿ ದೋಷವೇನು? ದೋಷವು ಮುಂದೆ ಬಂದಿತು. ಮರಿಗೆ ಹುಲ್ಲು, ಮರಿಗೆ ರಕ್ಷಣೆ, ಮರಿಯೊಡನೆ ಆಟ ಎನ್ನುತ್ತ ಒಂದೊಂದು ದಿನ ಒಂದೊಂದು ನಿಯಮ ಬಿಟ್ಟುಹೋಯಿತು; ಕೊನೆಗೆ ಭಗವಂತನ ಪೂಜೆಯೂ ನಿಂತಿತು. ಎಲ್ಲವೂ ಒಂದೇ ದಿನ ಬಿಡಲಿಲ್ಲ, ಒಂದೊಂದಾಗಿ ಬಿಟ್ಟವು. ಜಿಂಕೆಯ ಜನ್ಮವು ಕೊನೆಯ ಫಲ ಮಾತ್ರ. ಪತನವು ಅದಕ್ಕೆ ಬಹುಕಾಲ ಮೊದಲೇ ಆರಂಭವಾಗಿತ್ತು.

ವ್ಯಸನವು ಮರುಕಳಿಸುವುದೂ ಹೀಗೆಯೇ. ಗುಟುಕು ಗಂಟಲಿಗೆ ಇಳಿಯುವ ದಿನ ಅದು ಆರಂಭವಾಗುವುದಿಲ್ಲ. ವಾರಗಳ ಹಿಂದೆ, ಮಾತ್ರೆಯನ್ನು ಮರೆತ ದಿನ, ವೈದ್ಯರ ಭೇಟಿಯನ್ನು ಮುಂದೂಡಿದ ದಿನ, ಬೆಳಗಿನ ಸಂಧ್ಯಾವಂದನೆ ಬಿಟ್ಟ ದಿನ, ರಾತ್ರಿ ನಿದ್ರೆಗೆಟ್ಟ ದಿನ, ಒಂದು ಸಣ್ಣ ಸುಳ್ಳು ಹೇಳಿದ ದಿನ ಅದು ಆರಂಭವಾಗಿರುತ್ತದೆ. ಗೆಳೆಯನ ಹುಟ್ಟುಹಬ್ಬ, ಸುಮ್ಮನೆ ಹೋಗಿ ಬರುತ್ತೇನೆ ಎಂಬುದು ನಿರ್ದೋಷವಾದ ದಯೆಯಂತೆ ಕಾಣುತ್ತದೆ, ಅದೇ ಜಿಂಕೆಮರಿ. ಅಮೆರಿಕದ ಮನಃಶಾಸ್ತ್ರಜ್ಞರಾದ ಅಲನ್ ಮಾರ್ಲಟ್ ಮತ್ತು ಜೂಡಿತ್ ಗಾರ್ಡನ್ 1985ರಲ್ಲಿ ಈ ವಿಷಯವಾಗಿ ಪ್ರಕಟಿಸಿದ ಗ್ರಂಥದಲ್ಲಿ, ಮೇಲ್ನೋಟಕ್ಕೆ ಸಂಬಂಧವಿಲ್ಲದಂತೆ ಕಾಣುವ ಇಂತಹ ಸಣ್ಣ ನಿರ್ಧಾರಗಳೇ ಮನುಷ್ಯನನ್ನು ಅಪಾಯದ ಬಾಗಿಲಿಗೆ ತಂದು ನಿಲ್ಲಿಸುತ್ತವೆ ಎಂದು ವಿವರಿಸಿದರು. ನಮ್ಮ ಗೀತೆಯ ವಿಷಯಚಿಂತನೆ, ಸಂಗ, ಕಾಮ, ಕ್ರೋಧ, ಸಮ್ಮೋಹ, ಸ್ಮೃತಿಭ್ರಂಶ, ಬುದ್ಧಿನಾಶಗಳ ಸೋಪಾನವೂ ಇದೇ. ಮೇಲಿನ ಮೆಟ್ಟಿಲಲ್ಲಿ ತಡೆದರೆ ಸುಲಭ. ಕೆಳಗಿನ ಮೆಟ್ಟಿಲಲ್ಲಿ ತಡೆಯುವುದು ಕಷ್ಟ.

ಆದ್ದರಿಂದ ಚೇತರಿಸಿಕೊಳ್ಳುತ್ತಿರುವವನು ದಿನಕ್ಕೆ ನಾಲ್ಕು ಬಾರಿ ತನ್ನನ್ನು ತಾನೇ ಕೇಳಿಕೊಳ್ಳಬೇಕು: ನನಗೆ ಹಸಿವಾಗಿದೆಯೇ? ಕೋಪ ಬಂದಿದೆಯೇ? ಒಂಟಿಯಾಗಿದ್ದೇನೆಯೇ? ದಣಿದಿದ್ದೇನೆಯೇ? ಈ ನಾಲ್ಕು ಸ್ಥಿತಿಗಳಲ್ಲಿಯೇ ಹಂಬಲವು ಹೆಚ್ಚಾಗಿ ಹೆಡೆಯೆತ್ತುತ್ತದೆ. ಹಸಿದವನು ಉಣ್ಣಲಿ, ಕೋಪಗೊಂಡವನು ಆ ಸ್ಥಳ ಬಿಡಲಿ, ಒಂಟಿಯಾದವನು ಯಾರಿಗಾದರೂ ಫೋನ್ ಮಾಡಲಿ, ದಣಿದವನು ಮಲಗಲಿ. ಅಂತಹವನು ನಿರ್ಜಲ ಉಪವಾಸ ಮಾಡಲೇಬೇಕೆಂದು ಮನೆಯವರು ಹಟ ಹಿಡಿಯಬಾರದು. ರೋಗಿಗಳಿಗೂ ಅಶಕ್ತರಿಗೂ ಶಾಸ್ತ್ರವೇ ಸಡಿಲಿಕೆಯನ್ನು ಕೊಟ್ಟಿದೆ. ವೈದ್ಯರನ್ನು ಕೇಳಿ ಹಾಲು ಹಣ್ಣುಗಳನ್ನು ಸ್ವೀಕರಿಸಿದರೆ ಶ್ರೀಹರಿಯು ಮುನಿಯುವುದಿಲ್ಲ.

ನಾನೂರ ಐವತ್ತು ಉಸಿರು

ಹಂಬಲವು ಬಂದೇ ಬಿಟ್ಟರೆ ಮಾಡುವುದೇನು? ಅದು ಸಮುದ್ರದ ಅಲೆಯಂತೆ ಏರುತ್ತದೆ, ಶಿಖರಕ್ಕೆ ಮುಟ್ಟುತ್ತದೆ, ಇಳಿಯುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಅದರ ವೇಗ ತಗ್ಗುತ್ತದೆ ಎಂದು ಈ ಚಿಕಿತ್ಸೆಯನ್ನು ಬಲ್ಲವರು ಹೇಳುತ್ತಾರೆ. ಅಲೆಯೊಡನೆ ಹೋರಾಡುವವನು ಮುಳುಗುತ್ತಾನೆ. ಇಳಿಯುವವರೆಗೆ ತೇಲುವವನು ಉಳಿಯುತ್ತಾನೆ. ನಮ್ಮ ಸಂಪ್ರದಾಯದಲ್ಲಿ ಇದಕ್ಕೆ ಒಂದು ಸುಂದರವಾದ ಆಲಂಬನವಿದೆ. ಪ್ರತಿಯೊಬ್ಬ ಜೀವನೊಳಗೆ ನಿಂತ ಮುಖ್ಯಪ್ರಾಣದೇವರು ಅಹೋರಾತ್ರಿಯಲ್ಲಿ 21,600 ಶ್ವಾಸಗಳ ಮೂಲಕ ಹಂಸಮಂತ್ರವನ್ನು ಜಪಿಸುತ್ತಾರೆ. ಕುಡಿದವನಲ್ಲಿಯೂ ಜಪಿಸಿದರು, ಅಮಲಿನಲ್ಲಿ ಬೀದಿಯಲ್ಲಿ ಬಿದ್ದವನಲ್ಲಿಯೂ ಜಪಿಸಿದರು. ಒಂದು ಶ್ವಾಸವೂ ಅವನನ್ನು ಬಿಡಲಿಲ್ಲ. ಆ ಲೆಕ್ಕದಲ್ಲಿ ಅರ್ಧ ಗಂಟೆಯೆಂದರೆ 450 ಶ್ವಾಸಗಳು. ಹಂಬಲ ಬಂದಾಗ ಜೀವಮಾನವಿಡೀ ಹೇಗೆ ಇರಲಿ ಎಂದು ಯೋಚಿಸಬೇಡ. ಈ 450 ಉಸಿರುಗಳನ್ನು ಮುಖ್ಯಪ್ರಾಣದೇವರ ಜೊತೆಗೆ ಎಣಿಸು. ಎಣಿಕೆ ತಪ್ಪಿದರೆ ಒಂದರಿಂದ ಮತ್ತೆ ಆರಂಭಿಸು. ಕೋಣೆಯಲ್ಲಿ ಒಬ್ಬನೇ ಇರಬೇಡ. ಅಂಗಳಕ್ಕೆ ಬಾ, ತುಲಸಿಗೆ ನೀರು ಹಾಕು, ತಾಯಿಯ ಬಳಿ ಕುಳಿತುಕೋ.

ಚಾತುರ್ಮಾಸ್ಯವನ್ನೂ ಹಿರಿಯರು ಹೀಗೆಯೇ ವಿಭಾಗಿಸಿದರು. ಒಂದು ತಿಂಗಳು ಶಾಕ, ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು, ಒಂದು ತಿಂಗಳು ದ್ವಿದಳ. ಎಲ್ಲವನ್ನೂ ಒಮ್ಮೆಲೇ ಬಿಡಿಸಲಿಲ್ಲ. ಇಂದಿನ ದಿನ ಬಿಟ್ಟೆ ಎಂಬ ಸಂಕಲ್ಪ ಇಂದಿಗೆ ಸಾಕು. ನಾಳೆಯ ಸಂಕಲ್ಪವನ್ನು ನಾಳೆ ಆಚಮನ ಮಾಡಿ ಮಾಡೋಣ.

ಔಷಧವನ್ನು ಬಿಡಬೇಡಿರಿ

ಈಗ ಹೇಳುವ ಮಾತು ಪ್ರಾಣದ ಮಾತು, ಗಮನವಿಟ್ಟು ಓದಬೇಕು. ರಾಯಚೂರಿನ ಕಡೆಯವರಿಗೆ ಸಿ.ಎಚ್. ಪುಡಿ ಬೆರೆಸಿದ ಸೇಂದಿಯ ವಿಷಯ ಗೊತ್ತು. ಇಲ್ಲಿಯೂ ಅದೇ ಕಥೆ. ಹೈದರಾಬಾದಿನ ಸೇಂದಿ ಅಂಗಡಿಗಳು 2004ರಲ್ಲಿ ಮುಚ್ಚಿ, ತೆಲಂಗಾಣ ರಾಜ್ಯ ರಚನೆಯಾದ 2014ರಲ್ಲಿ ಮತ್ತೆ ತೆರೆದವು. ಮರದ ರಸ ಸಾಲದೆ ಹೋದಲ್ಲಿ ನೀರಿಗೆ ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್, ಆಲ್ಪ್ರಜೋಲಮ್‌ನಂತಹ ನಿದ್ರೆಯ ರಾಸಾಯನಿಕಗಳನ್ನು ಬೆರೆಸಿ ಮಾರುವ ಪಾಪಕಾರ್ಯ ನಡೆದಿದೆ. 2025ರ ಜುಲೈನಲ್ಲಿ ಕುಕಟಪಲ್ಲಿ ಪ್ರದೇಶದಲ್ಲಿ ಇಂತಹ ಕಲಬೆರಕೆ ಸೇಂದಿ ಕುಡಿದು ಹಲವರು ಪ್ರಾಣ ಕಳೆದುಕೊಂಡರು, ಅನೇಕರು ಆಸ್ಪತ್ರೆ ಸೇರಿದರು. 2015ರಲ್ಲಿ ಇದಕ್ಕೆ ವಿಪರೀತವಾದ ಘಟನೆ ನಡೆದಿತ್ತು: ಅಧಿಕಾರಿಗಳು ಕಲಬೆರಕೆಯನ್ನು ಬಿಗಿಯಾಗಿ ತಡೆದಾಗ, ನಿಜಾಮಾಬಾದ್ ಮೊದಲಾದ ಜಿಲ್ಲೆಗಳಲ್ಲಿ ಅಭ್ಯಾಸವಾಗಿದ್ದ ಜನರು ಅದು ಸಿಗದೆ ಸೆಳವು, ಭ್ರಮೆ, ವಿಚಿತ್ರ ವರ್ತನೆಗಳಿಂದ ಆಸ್ಪತ್ರೆಗಳಿಗೆ ಬಂದರು.

ಇದರಿಂದ ತಿಳಿಯಬೇಕಾದುದು ಇಷ್ಟು. ಬಹುಕಾಲ ಮದ್ಯವನ್ನಾಗಲಿ ನಿದ್ರೆಯ ಮಾತ್ರೆಯನ್ನಾಗಲಿ ಸೇವಿಸಿದವನು ಅದನ್ನು ತಟ್ಟನೆ ಬಿಟ್ಟರೆ ಸೆಳವು ಬಂದು ಪ್ರಾಣವೇ ಹೋಗಬಹುದು. ಗುರುವಾರ ಮಗನನ್ನು ಮಠಕ್ಕೆ ಕರೆತಂದು, ಬೃಂದಾವನದ ಮುಂದೆ ಆಣೆ ಮಾಡಿಸಿ, ಅಂದಿನಿಂದಲೇ ಎಲ್ಲವನ್ನೂ ನಿಲ್ಲಿಸಿಬಿಡುವುದು ಭಕ್ತಿಯಂತೆ ಕಂಡರೂ ಅಪಾಯಕರ. ಮೊದಲು ವೈದ್ಯರ ಬಳಿಗೆ ಹೋಗಿರಿ. ಅವರು ಕ್ರಮಕ್ರಮವಾಗಿ ಇಳಿಸುತ್ತಾರೆ. ಅದು ದಶಮಿ. ಆಮೇಲೆ ರಾಯರ ಮುಂದೆ ಸಂಕಲ್ಪ ಮಾಡಿರಿ.

ಎರಡನೆಯದು ಇನ್ನೂ ಘೋರ. ಕೆಲವು ತಿಂಗಳು ಬಿಟ್ಟವನ ದೇಹವು ಹಳೆಯ ಸಹನಶಕ್ತಿಯನ್ನು ಕಳೆದುಕೊಂಡಿರುತ್ತದೆ. ಅವನು ಒಮ್ಮೆ ಜಾರಿ, ಹಿಂದೆ ತೆಗೆದುಕೊಳ್ಳುತ್ತಿದ್ದ ಅಳತೆಯನ್ನೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಹೆರಾಯಿನ್ ಮತ್ತು ಅಫೀಮಿನ ಜಾತಿಯ ನೋವಿನ ಮಾತ್ರೆಗಳ ವಿಷಯದಲ್ಲಿ ಇದು ವಿಶೇಷವಾಗಿ ಸತ್ಯ. ಆಸ್ಪತ್ರೆಯಿಂದ, ವ್ಯಸನಮುಕ್ತಿ ಕೇಂದ್ರದಿಂದ, ಸೆರೆಮನೆಯಿಂದ ಹೊರಬಂದ ಮೊದಲ ವಾರಗಳೇ ಅತ್ಯಂತ ಅಪಾಯದ ಕಾಲ. ಮಗ ಮನೆಗೆ ಬಂದ, ಸತ್ಯನಾರಾಯಣ ಪೂಜೆಯಾಯಿತು, ಇನ್ನೆಲ್ಲ ಮುಗಿಯಿತು ಎಂದು ಮನೆಯವರು ನಿಶ್ಚಿಂತರಾಗುವ ಹೊತ್ತಿನಲ್ಲಿಯೇ ಅಪಾಯವು ಬಾಗಿಲ ಬಳಿ ನಿಂತಿರುತ್ತದೆ. ಇದೇ ದ್ವಾದಶಿಯ ಎಚ್ಚರ.

ಮೂರನೆಯದು ಔಷಧದ ವಿಷಯ. ವೈದ್ಯರು ಕೊಡುವ ಬ್ಯೂಪ್ರೆನಾರ್ಫಿನ್, ಮೆಥಡೋನ್, ನಾಲ್ಟ್ರೆಕ್ಸೋನ್ ಮೊದಲಾದವುಗಳನ್ನು ಕುರಿತು, ಒಂದು ಚಟ ಬಿಡಿಸಿ ಇನ್ನೊಂದು ಚಟ ಹಚ್ಚಿದರು ಎಂದು ಬಂಧುಗಳು ಮೂಗು ಮುರಿಯುವುದುಂಟು. ಇದು ಅಜ್ಞಾನ. ಸಕ್ಕರೆ ರೋಗಕ್ಕೆ ಇನ್ಸುಲಿನ್ ತೆಗೆದುಕೊಳ್ಳುವುದು ಚಟವಲ್ಲ. ಮಂತ್ರಾಲಯದಲ್ಲಿ ಸೇವೆಗೆ ಕೂರುವಾಗಲೂ ಮಾತ್ರೆ ನಿಲ್ಲಬಾರದು. ಇನ್ನೊಂದು ಅನರ್ಥವೂ ನಡೆಯುತ್ತದೆ. ಕುಡಿತ ಬಿಡಿಸುತ್ತದೆಂದು ಮಾರುವ ಪುಡಿಯನ್ನೋ, ಡೈಸಲ್ಫಿರಾಮ್ ಮಾತ್ರೆಯನ್ನೋ ರೋಗಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವುದು. ಅದರ ಮೇಲೆ ಅವನು ಕುಡಿದರೆ ಹೃದಯಕ್ಕೆ ಆಘಾತವಾಗಬಹುದು. ಅನ್ನದಲ್ಲಿ ಮೋಸವನ್ನು ಬೆರೆಸಿದ ತಾಯಿಯ ಕೈಯನ್ನು ಮಗನು ಮುಂದೆ ನಂಬುವುದಾದರೂ ಹೇಗೆ?

ಎಡವುವುದು ಬೇರೆ, ಬೀಳುವುದು ಬೇರೆ

ಒಂದು ವೇಳೆ ಆರು ತಿಂಗಳ ಮೇಲೆ ಒಂದು ರಾತ್ರಿ ಜಾರಿದನೆನ್ನಿ. ಆಗ ಅವನ ಮನಸ್ಸು ಎಲ್ಲ ಮುಗಿಯಿತು, ನಾನು ಕೆಟ್ಟವನೇ, ಇನ್ನು ಕುಡಿದರೇನು ಬಿಟ್ಟರೇನು ಎನ್ನುತ್ತದೆ. ಒಂದು ಲೋಟಕ್ಕಿಂತ ಈ ಮಾತು ಹೆಚ್ಚು ಮಾರಕ. ಒಂದು ಎಡವುವಿಕೆಯನ್ನು ಪೂರ್ಣ ಪತನವಾಗಿ ಮಾಡುವುದು ಈ ನಿರಾಶೆಯೇ ಎಂದು ಮಾರ್ಲಟ್ ಮೊದಲಾದವರು ಕಂಡುಕೊಂಡರು. ನಮ್ಮ ಧರ್ಮಶಾಸ್ತ್ರದ ದೃಷ್ಟಿ ಏನು? ವ್ರತಭಂಗವಾದರೆ ಪ್ರಾಯಶ್ಚಿತ್ತ ಮಾಡಿಕೊಂಡು ವ್ರತವನ್ನು ಮುಂದುವರಿಸು ಎಂದು ಹೇಳಿತೇ ಹೊರತು, ವ್ರತವನ್ನೇ ಬಿಟ್ಟುಬಿಡು ಎನ್ನಲಿಲ್ಲ. ಭರತನು ಜಿಂಕೆಯಾದ ಮೇಲೂ ಹಿಂದಿನದನ್ನು ನೆನೆದು, ತಾಯಿಜಿಂಕೆಯನ್ನು ಬಿಟ್ಟು, ಮತ್ತೆ ಅದೇ ಪುಲಹಾಶ್ರಮಕ್ಕೆ ನಡೆದು ಬಂದನು. ಹಿಂದಿನ ತಪಸ್ಸು ವ್ಯರ್ಥವಾಗಲಿಲ್ಲ. ಆರು ತಿಂಗಳು ಬಿಟ್ಟಿದ್ದು ಒಂದು ರಾತ್ರಿಯಿಂದ ಅಳಿಸಿಹೋಗುವುದಿಲ್ಲ. ಮರುದಿನವೇ ವೈದ್ಯರಿಗೆ ಹೇಳು, ಮನೆಯವರಿಗೆ ಹೇಳು, ಯಾವ ಜಿಂಕೆಮರಿಯಿಂದ ಬಿದ್ದೆ ಎಂದು ಹುಡುಕು, ಮತ್ತೆ ನಡೆ.

ಸ್ವಾತಂತ್ರ್ಯವು ಶ್ರೀಹರಿಗೊಬ್ಬನಿಗೇ, ಜೀವನು ಅಸ್ವತಂತ್ರ. ನನ್ನ ಶಕ್ತಿಯಿಂದಲೇ ಗೆದ್ದೆ ಎಂಬ ಅಹಂಕಾರವು ಚೇತರಿಸಿಕೊಂಡವನ ದೊಡ್ಡ ಶತ್ರು. ಹಾಗೆಂದು ಜೀವನಿಗೆ ಕರ್ತೃತ್ವವೇ ಇಲ್ಲವೆಂದು ಕೈಕಟ್ಟಿ ಕೂರಲೂ ಆಚಾರ್ಯರು ಹೇಳಲಿಲ್ಲ, ಪರಾಧೀನವಾದ ಕರ್ತೃತ್ವವುಂಟು. ಬೇಡುವುದೂ ಅವನ ಕೆಲಸ, ನಡೆಯುವುದೂ ಅವನ ಕೆಲಸ, ನಡೆಸುವವನು ಶ್ರೀಹರಿ.

ಮನೆಯವರ ಕರ್ತವ್ಯ, ಮಠದ ಕರ್ತವ್ಯ

2019ರಲ್ಲಿ ಪ್ರಕಟವಾದ ಭಾರತ ಸರ್ಕಾರದ ಸಮೀಕ್ಷೆಯಂತೆ ಮದ್ಯಕ್ಕೆ ದಾಸರಾದವರಲ್ಲಿ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿತ್ತು. ಚಿಕಿತ್ಸೆ ಇಲ್ಲದೆ ಅಲ್ಲ. ಹೋಗುವ ದಾರಿ ತಿಳಿಯದೆ, ನಾಚಿಕೆಯಿಂದ. ಈ ನಗರದ ಎರ್ರಗಡ್ಡದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416, ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಪೊಲೀಸರ ಭಯದಿಂದ ಹಿಂಜರಿಯುವವರು ತಿಳಿಯಬೇಕಾದುದು: 1985ರ ಮಾದಕ ದ್ರವ್ಯ ಕಾಯಿದೆಯ 64ಎ ವಿಧಿಯು, ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧಕ್ಕೆ ಗುರಿಯಾದ ವ್ಯಸನಿಯು ಸ್ವಇಚ್ಛೆಯಿಂದ ಅಂಗೀಕೃತ ಸಂಸ್ಥೆಯಲ್ಲಿ ಚಿಕಿತ್ಸೆಗೆ ಬಂದು ಅದನ್ನು ಪೂರ್ಣಗೊಳಿಸಿದರೆ ಮೊಕದ್ದಮೆಯಿಂದ ವಿನಾಯಿತಿಗೆ ಅವಕಾಶ ಮಾಡಿದೆ.

ಮನೆಯವರು ಮೂರು ನಿಯಮಗಳನ್ನು ಪಾಲಿಸಲಿ. ಹಳೆಯದನ್ನು ಎತ್ತಿ ಆಡಬಾರದು. ನಿನ್ನಿಂದಲೇ ತಂಗಿಯ ಸಂಬಂಧ ತಪ್ಪಿತು ಎಂಬ ಒಂದು ಮಾತು ಒಂದು ಸಂಜೆಯನ್ನು ಕೆಡಿಸಬಲ್ಲದು. ಅನುಮಾನದಿಂದ ಜೇಬು ತಡಕುವ ಬದಲು ಅವನ ಒಪ್ಪಿಗೆಯಿಂದಲೇ ಹಣ ಮತ್ತು ಮಾತ್ರೆಗಳ ಹೊಣೆಯನ್ನು ಒಬ್ಬರು ವಹಿಸಿಕೊಳ್ಳಬೇಕು. ಮನೆಯಲ್ಲಿ ಅಜ್ಜಿಗೆ ಕೊಟ್ಟ ನಿದ್ರೆಯ ಮಾತ್ರೆ, ಕೆಮ್ಮಿನ ಔಷಧ ಬೀಗದೊಳಗೆ ಇರಬೇಕು. ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ಹೆಣ್ಣಿನ ಮನೆಗೆ ಮುಚ್ಚಿಟ್ಟು ಮದುವೆ ಮಾಡುವುದಂತೂ ಮಹಾಪಾಪ; ಒಬ್ಬನ ರೋಗಕ್ಕೆ ಇನ್ನೊಬ್ಬರ ಮಗಳನ್ನು ಔಷಧವಾಗಿ ಅರೆಯುವ ಅಧಿಕಾರ ಯಾರಿಗೂ ಇಲ್ಲ.

ಮಠಕ್ಕೂ ಕರ್ತವ್ಯವುಂಟು. ಶ್ರೀವಾದಿರಾಜರ ಸಂಬಂಧವನ್ನು ಸಂಪ್ರದಾಯವು ನೆನೆಯುವ ಧರ್ಮಸ್ಥಳದಲ್ಲಿ, ಗ್ರಾಮಾಭಿವೃದ್ಧಿ ಯೋಜನೆ ಹಾಗೂ ಜನಜಾಗೃತಿ ವೇದಿಕೆಗಳ ಮೂಲಕ ಕರ್ನಾಟಕದ ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಾರೆ. ಆ ಶಿಬಿರಗಳ ಹೆಚ್ಚಿನ ಸಾರವು ಶಿಬಿರ ಮುಗಿದ ಮೇಲಿದೆ. ಬಿಟ್ಟವರೆಲ್ಲ ನವಜೀವನ ಸಮಿತಿಯೆಂದು ಸೇರಿ, ಒಬ್ಬರಿಗೊಬ್ಬರು ಕಾವಲಾಗಿ ನಿಲ್ಲುತ್ತಾರೆ. ಹಾಗೆಯೇ ನಮ್ಮಲ್ಲಿಗೆ ಬರುವ ಇಂತಹ ಯುವಕನಿಗೆ ಉಪದೇಶಕ್ಕಿಂತ ಮೊದಲು ಒಂದು ಸೇವೆ ಕೊಡೋಣ. ನಿರ್ಮಾಲ್ಯ ತೆಗೆಯುವುದು, ತುಲಸಿ ಕಟ್ಟುವುದು, ಎಲೆ ಹಾಕುವುದು, ಬಡಿಸುವುದು. ಸಂಜೆಯ ಆರರಿಂದ ಒಂಬತ್ತರವರೆಗಿನ ಹೊತ್ತೇ ಅವನಿಗೆ ಕಠಿಣ; ಆ ಹೊತ್ತಿನಲ್ಲಿಯೇ ಮಠದಲ್ಲಿ ರಥೋತ್ಸವ, ಅಷ್ಟಾವಧಾನ, ತೊಟ್ಟಿಲುಸೇವೆ ನಡೆಯುತ್ತವೆ. ಅವನ ವಿಷಯ ತಿಳಿದವರು ಅದನ್ನು ಪಂಕ್ತಿಯಲ್ಲಿ ಆಡಿಕೊಳ್ಳಬಾರದು. ಒಂದು ದಿನ ಬಾರದಿದ್ದರೆ, ಏಕಪ್ಪಾ ನಿನ್ನೆ ಕಾಣಲಿಲ್ಲ, ಊಟಕ್ಕೆ ಬಾ ಎಂದು ಯಾರಾದರೊಬ್ಬರು ಫೋನ್ ಮಾಡಲಿ. ಆ ಒಂದು ಮಾತು ಎಷ್ಟೋ ಸಲ ದೊಡ್ಡ ಪ್ರವಚನಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಆರಂಭದಲ್ಲಿ ವಿಷದಂತೆ ತೋರಿ ಕೊನೆಯಲ್ಲಿ ಅಮೃತವಾಗುವ ಸುಖವೇ ಸಾತ್ತ್ವಿಕವೆಂದು ಗೀತಾಚಾರ್ಯನ ಅಭಿಪ್ರಾಯ. ವ್ಯಸನವನ್ನು ಬಿಟ್ಟವನ ಮೊದಲ ವರ್ಷ ಆ ವಿಷದ ವರ್ಷ. ಅದನ್ನು ಅವನೊಬ್ಬನೇ ನುಂಗಬೇಕಾಗದಿರಲಿ. ಅಂತಹ ಪ್ರತಿಯೊಬ್ಬನ ಉಸಿರಿನಲ್ಲಿ ಬೇಸರವಿಲ್ಲದೆ ಜಪಿಸುತ್ತಿರುವ ಭಾರತೀರಮಣ ಮುಖ್ಯಪ್ರಾಣಾಂತರ್ಗತ ಶ್ರೀಹರಿಯು, ಶ್ರೀರಾಘವೇಂದ್ರ ಗುರುಸಾರ್ವಭೌಮರ ಅನುಗ್ರಹದ ಮೂಲಕ, ಅವರಿಗೆ ಇಂದಿನ ಒಂದು ದಿನವನ್ನು ದಾಟಿಸಲಿ. ನಾಳೆಯ ದಿನಕ್ಕೆ ನಮ್ಮನ್ನು ಅವರ ಜೊತೆಗೆ ನಿಲ್ಲಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥